ರೀಸೆಟ್‌ಗೆ ಮೊದಲು: ಮೊಬೈಲ್ ಫೋನಿನ ದೂರುಗಳು ಮತ್ತು ಬಳಕೆದಾರರ ಹಕ್ಕು

ಚಾರ್ಜು ಮಧ್ಯಾಹ್ನಕ್ಕೇ ಇಳಿಯುತ್ತದೆ, ದಿನದ ಡೇಟಾ ಬಳಸುವ ಮೊದಲೇ ಖಾಲಿಯಾಗುತ್ತದೆ, ಒಳಗೆ ವೈರಸ್ ಹೊಕ್ಕಿರಬೇಕು ಎಂಬ ಮೂರು ದೂರುಗಳು ಮಲೆನಾಡಿನ ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಮೊಬೈಲ್ ಅಂಗಡಿಗಳಲ್ಲಿ ಒಂದೇ ಉಸಿರಿನಲ್ಲಿ ಕೇಳಿಬರುವುದುಂಟಾದರೂ, ಕಾನೂನಿನ ದೃಷ್ಟಿಯಲ್ಲಿ ಅವು ಮೂರು ಬೇರೆ ಬೇರೆ ವಿಷಯಗಳು. ಮೊದಲನೆಯದಕ್ಕೆ ಫೋನು ತಯಾರಿಸಿದವರೂ ಮಾರಿದವರೂ, ಎರಡನೆಯದಕ್ಕೆ ಸಿಮ್ ಕಂಪನಿಯೂ, ಮೂರನೆಯದಕ್ಕೆ ಅಪರಾಧ ಎಸಗಿದವರೂ ಉತ್ತರಿಸಬೇಕಾಗುತ್ತದೆ. ಮೂರಕ್ಕೂ ಸಾಮಾನ್ಯವಾಗಿ ಸಿಗುವ ಸಲಹೆ ಮಾತ್ರ ಒಂದೇ: ರೀಸೆಟ್. ಫೋನನ್ನು ಕಾರ್ಖಾನೆಯಿಂದ ಹೊರಬಂದಾಗಿನ ಸ್ಥಿತಿಗೆ ಮರಳಿಸುವ ಈ ಕ್ರಮವು ತೊಂದರೆಯನ್ನು ನಿವಾರಿಸಬಹುದು, ಆದರೆ ಅದರೊಂದಿಗೆ ತೊಂದರೆಯ ಪುರಾವೆಯನ್ನೂ ಅಳಿಸುತ್ತದೆ. ಆದ್ದರಿಂದ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಬಳಕೆ ಮತ್ತು ಡೇಟಾ ಬಳಕೆಯನ್ನು ಆ್ಯಪ್‌ವಾರು ತೋರಿಸುವ ಪುಟಗಳ ಸ್ಕ್ರೀನ್‌ಶಾಟ್‌ಗಳನ್ನು ದಿನಾಂಕ ಕಾಣುವಂತೆ ತೆಗೆದು, ಬೇರೊಂದು ಫೋನಿಗೆ ಕಳುಹಿಸಿಟ್ಟುಕೊಳ್ಳುವುದೇ ಮೊದಲ ಕೆಲಸ.

ಬ್ಯಾಟರಿಯ ವಿಷಯದಲ್ಲಿ ಮಲೆನಾಡಿಗೆ ತನ್ನದೇ ಆದ ಒಂದು ತೊಡಕಿದೆ. ಟವರ್ ದೂರವಿದ್ದಷ್ಟೂ, ನಡುವೆ ಗುಡ್ಡ ಅಡ್ಡಬಂದಷ್ಟೂ ಫೋನು ಹೆಚ್ಚು ಶಕ್ತಿ ವ್ಯಯಿಸಿ ಸಂಕೇತ ಕಳುಹಿಸಬೇಕಾಗುತ್ತದೆ ಮತ್ತು ಸಂಪರ್ಕ ಕಡಿದಾಗಲೆಲ್ಲ ಹೊಸದಾಗಿ ಹುಡುಕಾಡಬೇಕಾಗುತ್ತದೆ. ಹೀಗಾಗಿ ಶರಾವತಿ ಹಿನ್ನೀರಿನ ಅಂಚಿನ ಊರುಗಳಲ್ಲೋ ಹುಲಿಕಲ್ ಘಾಟಿಯ ಆಸುಪಾಸಿನಲ್ಲೋ ಅರ್ಧ ದಿನವೂ ನಿಲ್ಲದ ಬ್ಯಾಟರಿಯು ಶಿವಮೊಗ್ಗ ಪೇಟೆಯಲ್ಲಿ ಸಂಜೆಯವರೆಗೆ ಬರಬಹುದು. ಅದೇ ಫೋನನ್ನು ಒಂದು ದಿನ ಏರೋಪ್ಲೇನ್ ಮೋಡ್‌ನಲ್ಲಿಟ್ಟು ನೋಡಿದರೆ ಉತ್ತರ ಬಹುಮಟ್ಟಿಗೆ ಸಿಗುತ್ತದೆ: ಆಗಲೂ ಚಾರ್ಜು ಸರಸರ ಇಳಿದರೆ ದೋಷ ಫೋನಿನೊಳಗಿದೆ, ಇಳಿಯದಿದ್ದರೆ ನೆಟ್‌ವರ್ಕಿನ ಕೊರತೆಯನ್ನೋ ಹಿನ್ನೆಲೆಯಲ್ಲಿ ಡೇಟಾ ಬಳಸುವ ಆ್ಯಪನ್ನೋ ಶಂಕಿಸಬೇಕು. ಈ ಪರೀಕ್ಷೆ ಮಾಡದೆ ತಯಾರಕರ ಮೇಲೆ ದೂರು ಹೂಡಿದವರ ಪ್ರಕರಣ ದುರ್ಬಲವಾಗುತ್ತದೆ.

ದೋಷ ಫೋನಿನದೇ ಎಂದಾದರೆ, 2020ರ ಜುಲೈ 20ರಿಂದ ಜಾರಿಯಲ್ಲಿರುವ ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಅನ್ವಯಿಸುತ್ತದೆ. ವಸ್ತುವಿನ ಗುಣಮಟ್ಟ, ಪ್ರಮಾಣ ಅಥವಾ ಸಾಮರ್ಥ್ಯದಲ್ಲಿರುವ ಕೊರತೆಯನ್ನು ಈ ಕಾಯ್ದೆ 'ದೋಷ' ಎಂದೂ, ಕೊಡಬೇಕಾದ ಸೇವೆಯಲ್ಲಿನ ಲೋಪವನ್ನು 'ಸೇವಾ ನ್ಯೂನತೆ' ಎಂದೂ ಕರೆಯುತ್ತದೆ. ಫೋನನ್ನು ಸರ್ವಿಸ್ ಸೆಂಟರಿಗೆ ಒಪ್ಪಿಸುವಾಗ ಸಿಗುವ ಜಾಬ್ ಶೀಟ್, ಅಂದರೆ ದೂರಿನ ವಿವರ ಬರೆದ ಚೀಟಿ, ಬಿಲ್ಲಿನಷ್ಟೇ ಮುಖ್ಯವಾದ ದಾಖಲೆಯಾದ್ದರಿಂದ, 'ಬ್ಯಾಟರಿ ಬೇಗ ಇಳಿಯುತ್ತದೆ' ಎಂದಷ್ಟೇ ಬರೆಸದೆ, ಎಷ್ಟು ಗಂಟೆಯಲ್ಲಿ ಎಷ್ಟು ಶೇಕಡಾ ಇಳಿಯಿತೆಂಬುದನ್ನು ಬರೆಸಿಕೊಳ್ಳಬೇಕು. ಮಳೆಗಾಲದಲ್ಲಿ ಇನ್ನೊಂದು ಎಚ್ಚರ ಬೇಕು: ಹಲವು ಫೋನುಗಳ ಒಳಗೆ ನೀರು ತಾಗಿದರೆ ಬಣ್ಣ ಬದಲಿಸುವ ಪುಟ್ಟ ಗುರುತುಪಟ್ಟಿ ಇರುತ್ತದೆ, ಅದು ಕೆಂಪಾಗಿದೆಯೆಂದು ತೋರಿಸಿ ವಾರಂಟಿ ನಿರಾಕರಿಸಲಾಗುತ್ತದೆ. ಭಾರಿ ಮಳೆಯ ಆಗುಂಬೆಯಂಥ ಕಡೆ ಇದು ದೂರದ ಸಾಧ್ಯತೆಯೇನಲ್ಲ. ನಿರಾಕರಣೆಯನ್ನು ಕಾರಣಸಹಿತ ಲಿಖಿತವಾಗಿ ಕೇಳಿ ಪಡೆಯುವುದು ಒಳ್ಳೆಯದು.

ಮಾತುಕತೆಯಿಂದ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ತಿಳಿಸಬಹುದು, ಅದೂ ಫಲಿಸದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಬಹುದು. ಹಳೆಯ ಕಾಯ್ದೆಯಲ್ಲಿಲ್ಲದ ಒಂದು ಅನುಕೂಲ ಇಲ್ಲಿದೆ: ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಹೂಡಬಹುದು, ಆದ್ದರಿಂದ ಬೆಂಗಳೂರಿನಲ್ಲಿ ಅಥವಾ ಆನ್‌ಲೈನ್‌ನಲ್ಲಿ ಕೊಂಡ ಫೋನಿನ ವ್ಯಾಜ್ಯವೂ ಶಿವಮೊಗ್ಗದಲ್ಲೇ ನಡೆಯಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ದೂರಿಗೆ ಕಾರಣ ಹುಟ್ಟಿದ 2 ವರ್ಷದೊಳಗೆ ಸಲ್ಲಿಸಬೇಕು. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ನಿಯಮವಿಲ್ಲ. ಪ್ರಯೋಗಾಲಯದ ಪರೀಕ್ಷೆ ಬೇಕಿಲ್ಲದ ಪ್ರಕರಣಕ್ಕೆ 3 ತಿಂಗಳು, ಬೇಕಿರುವುದಕ್ಕೆ 5 ತಿಂಗಳ ಗುರಿಯನ್ನು ಕಾಯ್ದೆ ಇಟ್ಟಿದೆಯಾದರೂ, ಗುರಿಯನ್ನು ಗಡುವೆಂದು ನಂಬಿ ಕೂರುವುದು ಜಾಣತನವಲ್ಲ. ದೂರು ಬರೆಯಲು ನೆರವು ಬೇಕಾದ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಡಿಮೆ ಆದಾಯದವರು ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಬಹುದು ಅಥವಾ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಬಹುದು.

ಡೇಟಾ ದೂರು ಹೋಗಬೇಕಾದದ್ದು ಮೊದಲು ಸಿಮ್ ಕಂಪನಿಯ ದೂರು ಕೇಂದ್ರಕ್ಕೆ. ಅಲ್ಲಿ ಕೊಡುವ ಡಾಕೆಟ್ ಸಂಖ್ಯೆಯನ್ನು, ಅಂದರೆ ದೂರಿನ ನೋಂದಣಿ ಸಂಖ್ಯೆಯನ್ನು, ಬರೆದಿಟ್ಟುಕೊಳ್ಳದಿದ್ದರೆ ಮುಂದಿನ ಮೆಟ್ಟಿಲು ಹತ್ತುವುದು ಕಷ್ಟ. ಪರಿಹಾರ ಸಿಗದಿದ್ದರೆ 30 ದಿನಗಳೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ, ಅಂದರೆ ಟ್ರಾಯ್‌ನ, 2012ರ ನಿಯಮಾವಳಿ ಅವಕಾಶ ಕೊಟ್ಟಿದೆ. ಕೇಳದೆ ಅಂಟಿಕೊಂಡ ಹಾಡು, ಜ್ಯೋತಿಷ್ಯದಂಥ ಮೌಲ್ಯವರ್ಧಿತ ಸೇವೆಗಳಿಗಾಗಿ ಹಣ ಕಡಿತವಾದರೂ ದಾರಿ ಇದೇ. ದೂರಸಂಪರ್ಕ ವ್ಯಾಜ್ಯಗಳು ಗ್ರಾಹಕ ನ್ಯಾಯಾಲಯದ ವ್ಯಾಪ್ತಿಗೆ ಬರುವುದಿಲ್ಲವೆಂಬ ವಾದವನ್ನು ಸುಪ್ರೀಂ ಕೋರ್ಟು 2022ರ ಫೆಬ್ರವರಿ 16ರಂದು ವೊಡಾಫೋನ್ ಐಡಿಯಾ ವಿರುದ್ಧ ಅಜಯ್ ಕುಮಾರ್ ಅಗರ್ವಾಲ್ ಪ್ರಕರಣದಲ್ಲಿ ತಳ್ಳಿಹಾಕಿರುವುದರಿಂದ, ಆಯೋಗದ ಬಾಗಿಲು ಇಲ್ಲಿಯೂ ತೆರೆದಿದೆ.

ವೈರಸ್ಸಿನ ಭಯದಲ್ಲಿ ಸುಳ್ಳುಭಯದ ಪಾಲು ದೊಡ್ಡದು. 'ನಿಮ್ಮ ಫೋನಿನಲ್ಲಿ ವೈರಸ್ ಇದೆ, ಈಗಲೇ ತೆಗೆಯಿರಿ' ಎಂದು ಮಿನುಗುವ ಜಾಹೀರಾತು ಮೂಲತಃ ಹಣ ಕೀಳುವ ಬಲೆ. ಗ್ರಾಹಕರನ್ನು ದಾರಿತಪ್ಪಿಸುವ ಇಂಥ ತಂತ್ರವನ್ನು 2023ರ ನವೆಂಬರ್ 30ರ ಕೇಂದ್ರ ಮಾರ್ಗಸೂಚಿ ನಿಷೇಧಿತ 13 ಬಗೆಗಳಲ್ಲಿ ಒಂದಾಗಿ ಪಟ್ಟಿಮಾಡಿದೆ. ನಿಜವಾದ ಅಪಾಯವಿರುವುದು ವಾಟ್ಸಾಪ್‌ನಲ್ಲಿ ಮದುವೆ ಕರೆಯೋಲೆ, ವಾಹನದ ದಂಡದ ಚಲನ್ ಎಂಬ ಹೆಸರಿನಲ್ಲಿ ಬರುವ ಎಪಿಕೆ ಕಡತಗಳಲ್ಲಿ, ಅಂದರೆ ಪ್ಲೇ ಸ್ಟೋರಿನ ಹೊರಗಿನಿಂದ ನೇರವಾಗಿ ಹಾಕಿಕೊಳ್ಳುವ ಆ್ಯಪ್‌ಗಳಲ್ಲಿ. ಅವು ಎಸ್‌ಎಂಎಸ್ ಓದುವ ಅನುಮತಿ ಪಡೆದು ಬ್ಯಾಂಕಿನ ಒಟಿಪಿಯನ್ನು ಕದಿಯುತ್ತವೆ. ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ, ಅನುಮತಿಯಿಲ್ಲದೆ ಇನ್ನೊಬ್ಬರ ಸಾಧನಕ್ಕೆ ವೈರಸ್ ಹೊಗಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43 ಮತ್ತು 66ನೇ ಕಲಮುಗಳ ಪ್ರಕಾರ 3 ವರ್ಷದವರೆಗಿನ ಸೆರೆವಾಸ ಅಥವಾ 5 ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡಕ್ಕೂ ಗುರಿಯಾಗಿಸುವ ಅಪರಾಧ.

ಹಣ ಹೋಗಿದ್ದರೆ ಫೋನಿನ ಡೇಟಾ ಮತ್ತು ವೈಫೈಯನ್ನು ನಿಲ್ಲಿಸಿ, ಬೇರೊಂದು ಫೋನಿನಿಂದ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೂ ಬ್ಯಾಂಕಿಗೂ ತಡಮಾಡದೆ ತಿಳಿಸಬೇಕು, ಏಕೆಂದರೆ ಕದ್ದ ಹಣ ಖಾತೆಯಿಂದ ಖಾತೆಗೆ ದಾಟುವ ಮೊದಲು ತಡೆಹಿಡಿಯಲು ಸಿಗುವ ಕಾಲ ಬಹಳ ಕಡಿಮೆ. ಗ್ರಾಹಕರ ಹೊಣೆಯನ್ನು ಸಾಬೀತುಪಡಿಸುವ ಭಾರ ಬ್ಯಾಂಕಿನದೆಂದು ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ಹೇಳಿದೆ. ಬಳಿಕ ಶಿವಮೊಗ್ಗದ ಸಿಇಎನ್ ಠಾಣೆಗೋ, ಅಂದರೆ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ ಠಾಣೆಗೋ, ಹತ್ತಿರದ ಯಾವುದೇ ಠಾಣೆಗೋ ದೂರು ಕೊಡಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಡಿ, ಅಪರಾಧ ನಡೆದ ಸ್ಥಳ ತಮ್ಮ ವ್ಯಾಪ್ತಿಯದಲ್ಲವೆಂಬ ಕಾರಣಕ್ಕೆ ಠಾಣೆಯವರು ದೂರನ್ನು ಹಿಂದಿರುಗಿಸುವಂತಿಲ್ಲ, ಮತ್ತು ವಿದ್ಯುನ್ಮಾನ ರೂಪದಲ್ಲಿ ಕೊಟ್ಟ ಮಾಹಿತಿಗೆ 3 ದಿನಗಳೊಳಗೆ ಸಹಿ ಹಾಕಿದರೆ ಅದು ದಾಖಲಾಗುತ್ತದೆ. ಆ ಎಪಿಕೆ ಕಡತವೂ ಅದು ಬಂದ ಸಂದೇಶವೂ ಪೊಲೀಸರು ನೋಡುವವರೆಗೆ ಫೋನಿನಲ್ಲೇ ಉಳಿದಿರಬೇಕು.