ನಮ್ಮೂರ ಶಾಲೆಗೆ ಮೊದಲು ಏನು ಬೇಕು?



ಹಸು ಹಾಲು ಕಡಿಮೆ ಮಾಡಿದಾಗ ನೀವು ಮೊದಲು ಮೇವು, ನೀರು, ಕೆಚ್ಚಲು ನೋಡುತ್ತೀರಿ. ಕೊಂಬಿಗೆ ಬಣ್ಣ ಬಳಿಯುವುದು ಹಬ್ಬಕ್ಕೆ ಚೆಂದ. ಅದರಿಂದ ಹಾಲು ಹೆಚ್ಚುವುದಿಲ್ಲ. ಊರಿನ ಸರ್ಕಾರಿ ಶಾಲೆಯ ವಿಷಯವೂ ಹೀಗೆಯೇ. ಶಾಲೆಗೆ ಏನಾದರೂ ಮಾಡೋಣವೆಂದಾಗ ಕಮಾನು, ವೇದಿಕೆ, ಸುಣ್ಣಬಣ್ಣದ ಮಾತೇ ಮೊದಲು ಬರುತ್ತದೆ. ಮಕ್ಕಳ ಸಂಖ್ಯೆ ಇಳಿಯುತ್ತಿರುವ ಶಾಲೆಗೆ ಅದು ಮದ್ದಲ್ಲ. ಊರ ಶಾಲೆ ಮುಚ್ಚಿದರೆ ಕಷ್ಟ ಬೀಳುವುದು ವ್ಯಾನಿಗೆ ಹಣ ಕಟ್ಟಲಾಗದ ಮನೆಯ ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ. ಆದ್ದರಿಂದ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ತಿಳಿಯೋಣ.

1. ಹಾಜರಾತಿ: ಇದು ನಮ್ಮ ಕೈಯಲ್ಲೇ ಇದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 6ರಿಂದ 8ನೇ ತರಗತಿಗೆ 220 ದಿನ ಶಾಲೆ ನಡೆಯಬೇಕು. ಹುಲ್ಲು ಕೊಯ್ಯಲು, ದನ ಕಾಯಲು ಮಗುವನ್ನು ವಾರಕ್ಕೆ ಒಂದು ದಿನ ಉಳಿಸಿಕೊಂಡರೂ ವರ್ಷದಲ್ಲಿ ಒಂದು ತಿಂಗಳಿಗಿಂತ ಹೆಚ್ಚಿನ ಪಾಠ ತಪ್ಪುತ್ತದೆ. ಬೆಳಿಗ್ಗೆ ಡೇರಿಗೆ ಕ್ಯಾನು ತಂದ ಮಗು ಸರದಿಯಲ್ಲಿ ಕಾಯದಂತೆ ಅದರ ಹಾಲನ್ನು ಮೊದಲು ಅಳೆದು ಕಳುಹಿಸಲು ಕಾರ್ಯದರ್ಶಿಗೆ ಹೇಳಿರಿ.

2. ನೀರು ಮತ್ತು ಶೌಚಾಲಯ: ಶುದ್ಧ ಕುಡಿಯುವ ನೀರು, ಗಂಡು ಮತ್ತು ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶೌಚಾಲಯ ಇರಬೇಕೆಂದು ಕಾಯಿದೆಯೇ ಹೇಳುತ್ತದೆ. ಕಟ್ಟಿದರೆ ಸಾಲದು, ಅದರಲ್ಲಿ ನೀರು ಬರಬೇಕು, ಬೀಗ ಹಾಕಿರಬಾರದು. ಕೊಟ್ಟಿಗೆಯ ನೀರಿನ ತೊಟ್ಟಿಯಲ್ಲಿ ಪಾಚಿ ಕಟ್ಟಲು ಬಿಡದ ನಾವು ಶಾಲೆಯ ತೊಟ್ಟಿಯನ್ನೂ ಒಮ್ಮೆ ಇಣುಕಿ ನೋಡಬೇಕು.

3. ಶಿಕ್ಷಕರು: 1ರಿಂದ 5ನೇ ತರಗತಿವರೆಗೆ ಒಟ್ಟು 60 ಮಕ್ಕಳಿಗೆ 2, 61ರಿಂದ 90 ಮಕ್ಕಳಿಗೆ 3 ಶಿಕ್ಷಕರು ಇರಬೇಕು. ನಿಮ್ಮ ಶಾಲೆಯಲ್ಲಿ ಎಷ್ಟು ಜನರಿದ್ದಾರೆ? ಲೆಕ್ಕ ಹಾಕಿ, ಕೊರತೆಯಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಲಿಖಿತ ಮನವಿ ಕೊಡಿ. ಇರುವ ಶಿಕ್ಷಕರನ್ನು ಗೌರವದಿಂದ ಕಾಣಿರಿ. ದೂರಷ್ಟೇ ಹೊತ್ತು ಹೋಗಬೇಡಿ.

4. ಕಲಿಕೆ: ಹಾಲಿನ ಫ್ಯಾಟ್ ಕಡಿಮೆ ಬಂದರೆ ಅಂದೇ ಕಾರ್ಯದರ್ಶಿಯನ್ನು ಕೇಳುತ್ತೀರಿ. ಮಗುವಿಗೆ ಓದಲು ಬರುವುದೇ ಎಂದು ಮೇಷ್ಟ್ರನ್ನು ಎಷ್ಟು ಬಾರಿ ಕೇಳಿದ್ದೀರಿ? ತಿಂಗಳಿಗೊಮ್ಮೆ ಶಾಲೆಗೆ ಹೋಗಿರಿ. ನಿಮಗೆ ಅಕ್ಷರ ಬಾರದಿದ್ದರೂ ಸಂಕೋಚ ಬೇಡ. ಹಾಲಿನ ಪಾಸ್ ಪುಸ್ತಕವನ್ನು ಮಗುವಿನಿಂದಲೇ ಓದಿಸಿ, ಹದಿನೈದು ದಿನದ ಲೆಕ್ಕ ಕೂಡಿಸಲು ಹೇಳಿರಿ.

5. ಶಾಲೆಯ ಹಾಲು: ಕ್ಷೀರಭಾಗ್ಯ ಯೋಜನೆ 2013ರ ಆಗಸ್ಟ್ 1ರಂದು ಆರಂಭವಾಯಿತು. ನೀವು ಹಾಕಿದ ಹಾಲೇ ಪುಡಿಯಾಗಿ ಶಾಲೆಗೆ ಬರುತ್ತದೆ. ಒಂದು ಮಗುವಿಗೆ 18 ಗ್ರಾಂ ಕೆನೆಭರಿತ ಪುಡಿಯಿಂದ 150 ಮಿ.ಲೀ. ಹಾಲು. ಅಂದರೆ 40 ಮಕ್ಕಳಿಗೆ 720 ಗ್ರಾಂ ಪುಡಿ, 6 ಲೀಟರ್ ಹಾಲು. ಪುಡಿ ತೇವವಿಲ್ಲದ ಜಾಗದಲ್ಲಿದೆಯೇ, ಅವಧಿ ಮೀರಿಲ್ಲವೇ, ಪಾತ್ರೆ ಶುಚಿಯಾಗಿದೆಯೇ ಎಂಬುದನ್ನು ತಾಯಂದಿರು ನೋಡಬೇಕು. ಹಾಲಿನ ಗುಣ ಅರಿಯಲು ನಿಮಗಿಂತ ಬಲ್ಲವರು ಯಾರು?

ಇದನ್ನೆಲ್ಲ ಕೇಳುವ ಅಧಿಕಾರ ನಮಗಿದೆಯೇ? ಇದೆ. ಕರ್ನಾಟಕದಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಶಿಕ್ಷಣ ಹಕ್ಕು ಕಾಯಿದೆಯಂತೆ ಶಾಲಾ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಪೋಷಕರಾಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವುದು ಈ ಸಮಿತಿಯ ಕೆಲಸ. ಸರ್ಕಾರದ ಅನುದಾನಕ್ಕೆ ಆ ಯೋಜನೆಯೇ ಆಧಾರ. ಬರೆದುಕೊಡದಿದ್ದರೆ ಕೇಳಿದಂತಾಗದು. ಸಂಘದ ಆಡಳಿತ ಮಂಡಳಿಯ ಚುನಾವಣೆಗೆ ತೋರುವ ಉತ್ಸಾಹದಲ್ಲಿ ಕಾಲುಭಾಗವನ್ನು ಈ ಸಮಿತಿಗೆ ತೋರಿದರೂ ಸಾಕು.

ಸಂಘದಿಂದ ಏನು ಮಾಡಬಹುದು? ಉಪವಿಧಿಯಲ್ಲಿ ಅವಕಾಶವಿದ್ದರೆ ಸಾಮಾನ್ಯ ಸಭೆಯ ಒಪ್ಪಿಗೆ ಪಡೆದು ನೀರಿನ ತೊಟ್ಟಿ, ಶೌಚಾಲಯದ ದುರಸ್ತಿ, ಓದುವ ಪುಸ್ತಕಗಳಿಗೆ ನೆರವಾಗಬಹುದು. ಮೊದಲ ಹೆಜ್ಜೆಯಾಗಿ, ಮುಂದಿನ ಸಭೆಗೆ ಮುಖ್ಯ ಶಿಕ್ಷಕರನ್ನೂ ಶಾಲಾ ಸಮಿತಿಯ ಅಧ್ಯಕ್ಷರನ್ನೂ ಕರೆಯಿಸಿ, ಮೇಲಿನ ಐದು ವಿಷಯಗಳನ್ನು ಒಂದೊಂದಾಗಿ ಕೇಳಿ ಬರೆದುಕೊಳ್ಳಿರಿ. ಕಮಾನಿನ ಮಾತು ಆಮೇಲೆ ಆಡೋಣ.

– ಪಶುವೈದ್ಯ ವಿಸ್ತರಣಾಧಿಕಾರಿ