ಶಾಲೆಯ ಸುತ್ತ ನೂರು ಮೀಟರ್: ತಂಬಾಕು ಮಾರಾಟ ನಿಲ್ಲಿಸುವುದು ಹೇಗೆ?

ಬಿಡುವಿನ ಗಂಟೆ ಹೊಡೆದೊಡನೆ ಮಕ್ಕಳು ಓಡುವ ಪೆಟ್ಟಿಗೆ ಅಂಗಡಿಯಲ್ಲಿ ಪೆಪ್ಪರಮೆಂಟಿನ ಡಬ್ಬಿಯ ಪಕ್ಕದಲ್ಲೇ ಸಿಗರೇಟು, ಬೀಡಿ, ಜರ್ದಾ ಪೊಟ್ಟಣ. ಇದು ಅಪರಾಧ. ಶಿಕ್ಷಣ ಸಂಸ್ಥೆಗಳ ನೂರು ಗಜದೊಳಗೆ ತಂಬಾಕು ಮಾರುವುದನ್ನು 2003ರ ಕೋಟ್ಪಾ (ಕೇಂದ್ರದ ತಂಬಾಕು ನಿಯಂತ್ರಣ) ಕಾಯ್ದೆಯೇ ನಿಷೇಧಿಸಿತ್ತು. 2025ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಆ ದೂರವನ್ನು ನೂರು ಮೀಟರಿಗೆ, ಕೊಳ್ಳುವವರ ಕನಿಷ್ಠ ವಯಸ್ಸನ್ನು 18ರಿಂದ 21ಕ್ಕೆ, ಗರಿಷ್ಠ ದಂಡವನ್ನು 200 ರೂಪಾಯಿಯಿಂದ 1,000ಕ್ಕೆ ಏರಿಸಿದೆ. ಬಿಡಿ ಸಿಗರೇಟಿನ ಮಾರಾಟವೂ ಈಗ ನಿಷಿದ್ಧ. ನನ್ನ ಮಟ್ಟಿಗೆ ಇದೇ ದೊಡ್ಡ ಹೆಜ್ಜೆ, ಏಕೆಂದರೆ ಒಂದೊಂದಾಗಿ ಸಿಗುವುದರಿಂದಲೇ ಸಿಗರೇಟು ಮಕ್ಕಳ ಚಿಲ್ಲರೆ ಕಾಸಿಗೆ ಎಟಕುತ್ತದೆ.

ಪೋಷಕರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಮೊದಲು ಮಾಡಬೇಕಾದದ್ದು ಅಳತೆ. ಅಳತೆ ತಪ್ಪಿದರೆ ದೂರು ಬಿದ್ದುಹೋಗಬಹುದು. ಗೇಟಿನಿಂದ ರಸ್ತೆಗುಂಟ ಅಳೆಯಬೇಡಿ. ಕಾಂಪೌಂಡು ಅಥವಾ ಬೇಲಿಯ ಹೊರ ಅಂಚಿನಿಂದ, ಸುತ್ತಲೂ ನೇರ ಗೆರೆಯಲ್ಲಿ ಅಳೆಯಬೇಕೆಂದು ನಿಯಮವೇ ಹೇಳುತ್ತದೆ. ಗೇಟಿನಿಂದ ನಡೆದರೆ 150 ಮೀಟರ್ ಆಗುವ ಅಂಗಡಿ ಮೈದಾನದ ಹಿಂಗೋಡೆಯಿಂದ 30 ಮೀಟರಿನಲ್ಲೇ ಇರಬಹುದು. ಟೇಪು ಹಿಡಿದು ಅಳೆದು, ಒಂದು ಕೈನಕ್ಷೆ ಬರೆದಿಟ್ಟುಕೊಳ್ಳಿ.

ಶಾಲೆಯ ಮುಂದೆ ನಿಷೇಧದ ಫಲಕ ಇದೆಯೇ ನೋಡಿ. ಅದನ್ನು ಹಾಕುವ ಹೊಣೆ ಶಾಲೆಯದೇ.

ಬಳಿಕ ಅಂಗಡಿಯವರ ಬಳಿ ಹೋಗಿ. ಹೊಟ್ಟೆಪಾಡಿಗೆ ಕೂತವರನ್ನು ಬೆದರಿಸಬೇಡಿ. ಕಾನೂನು ತಡೆಯುವುದು ತಂಬಾಕನ್ನು, ಅಂಗಡಿಯನ್ನಲ್ಲ. ನೋಟುಪುಸ್ತಕ, ಪೆನ್ನು, ಬಾಳೆಹಣ್ಣು ಇಡಲಿ, ಶಾಲೆಯವರೂ ಅಲ್ಲೇ ಕೊಳ್ಳಲಿ. ಒಂದು ವಾರದ ಗಡುವು ಕೊಡಿ.

ಆಮೇಲೂ ನಿಲ್ಲದಿದ್ದರೆ ಲಿಖಿತ ದೂರು. ಅಂಗಡಿಯ ಜಾಗ, ದೂರ, ದಿನಾಂಕ, ನಕ್ಷೆ, ಫೋಟೊ ಸಾಕು. ಫೋಟೊದಲ್ಲಿ ಮಕ್ಕಳ ಮುಖ ಬೇಡ. ಸಾಕ್ಷಿಗೆಂದು ಮಕ್ಕಳ ಕೈಯಲ್ಲಿ ಸಿಗರೇಟು ತರಿಸುವುದಂತೂ ಬೇಡವೇ ಬೇಡ. ಪೊಲೀಸ್ ಠಾಣೆ, ಪಂಚಾಯ್ತಿ ಅಥವಾ ನಗರಸಭೆ, ಜಿಲ್ಲಾ ತಂಬಾಕು ನಿಯಂತ್ರಣ ಕೋಶ, ಮೂರಕ್ಕೂ ಒಂದೊಂದು ಪ್ರತಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಹದಿನೆಂಟು ತುಂಬದ ಮಕ್ಕಳಿಗೇ ಕೊಡುತ್ತಿದ್ದರೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ನನ್ನು ದೂರಿನಲ್ಲಿ ಕಾಣಿಸಿ. ಅದರಲ್ಲಿ 7 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡವಿದೆ.

ಒಮ್ಮೆ ದಂಡ ಕಟ್ಟಿದವರು ಮತ್ತೆ ಮಾರಾಟಕ್ಕಿಳಿಯಬಹುದು. ತಿಂಗಳಿಗೊಮ್ಮೆ, ಶಾಲೆ ಬಿಡುವ ಹೊತ್ತಿಗೆ ಹೋಗಿ ನೋಡಿ. ಈಗಾಗಲೇ ಚಟಕ್ಕೆ ಬಿದ್ದ ಹುಡುಗರಿದ್ದರೆ ಬೈಯುವ ಬದಲು, ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿಸಿ. ಈ ಕರೆ ಉಚಿತ.