ಕಾಫಿ ಪುಡಿಯ ಪೇಟೆ ಬೆಳೆದ ಬಗೆ



ಸಂಘದ ಕೆಲಸದ ಮೇಲೆ ಮೈಸೂರಿಗೆ ಹೋದಾಗ ಮಂಡಿ ಮೊಹಲ್ಲಾದ ಒಂದು ಪುಡಿ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತೆವು. ಬಂದವರೆಲ್ಲ ಕೇಳಿದ್ದು ಒಂದೇ: 'ಎಂಬತ್ತು-ಇಪ್ಪತ್ತು, ಕಾಲು ಕೆ.ಜಿ. ಕೊಡಿ.' ಅರೇಬಿಕವೋ ರೊಬಸ್ಟವೋ ಎಂದು ಒಬ್ಬರೂ ವಿಚಾರಿಸಲಿಲ್ಲ. ಬೆಳೆಯುವ ನಮಗೆ ಇದು ಸ್ವಲ್ಪ ಚುಚ್ಚಿತು.

ನಮ್ಮ ಅಜ್ಜಿಯರ ಕಾಲದಲ್ಲಿ ಮನೆಗೆ ಬರುತ್ತಿದ್ದುದು ಹಸಿ ಬೀಜ. ಬಾಣಲೆಯಲ್ಲಿ ಹುರಿದು, ಕೈಯಂತ್ರದಲ್ಲಿ ಪುಡಿ ಮಾಡಿಕೊಳ್ಳುತ್ತಿದ್ದರು. ಬೀಜದ ಗುಣ ಕಣ್ಣಿಗೇ ಕಾಣುತ್ತಿತ್ತು. ಕಪ್ಪು ಬೀಜ ಬಂದರೆ ಅಂಗಡಿಗೆ ವಾಪಸು. ಬಳಿಕ ಹುರಿಯುವ ಕೆಲಸವೇ ಅಂಗಡಿಗೆ ಹೋಯಿತು. ಮನೆಯ ಹೊಗೆ, ದುಡಿಮೆ ತಪ್ಪಿತು, ನಿಜ. ಆದರೆ ಪುಡಿಯಾದ ಮೇಲೆ ಬೀಜದ ಗುರುತು ಉಳಿಯದು. ಚಿಕೋರಿಗೆ ಜಾಗ ಸಿಕ್ಕಿದ್ದು ಇಲ್ಲಿ. ಡಿಕಾಕ್ಷನ್ ಗಟ್ಟಿ, ಬಣ್ಣ ಕಪ್ಪು, ಬೆಲೆ ಕಡಿಮೆ. ಇದನ್ನು ಮೋಸವೆನ್ನಲಾಗದು, ನಾಲಿಗೆಯೇ ಹಾಗೆ ಒಗ್ಗಿದೆ. ಮಿಶ್ರಣದಲ್ಲಿ ಕಾಫಿ ಶೇ. 51ಕ್ಕೆ ಕಡಿಮೆ ಇರಬಾರದು, ಪ್ರಮಾಣವನ್ನು ಪೊಟ್ಟಣದ ಮೇಲೆ ಅಚ್ಚು ಮಾಡಿರಬೇಕು ಎಂಬುದು ಕಾನೂನು. ಅಂದರೆ ನೂರು ಗ್ರಾಂನಲ್ಲಿ 49 ಗ್ರಾಂ ಕಾಫಿಯೇ ಅಲ್ಲದಿದ್ದರೂ ಕಾನೂನಿಗೆ ಸರಿಯೇ!

ಆಮೇಲೆ ಇನ್‌ಸ್ಟಂಟ್. ಸ್ವಿಟ್ಜರ್ಲೆಂಡಿನಲ್ಲಿ 1938ರಲ್ಲಿ ನೆಸ್ಕೆಫೆ ಪೇಟೆಗೆ ಬಂತು. 1989ರಲ್ಲಿ ನಮ್ಮ ನಂಜನಗೂಡಿನಲ್ಲೇ ನೆಸ್ಲೆ ಕಾರ್ಖಾನೆಯಾಯಿತು. ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯ ಲೆಕ್ಕದಂತೆ ಒಂದು ಕೆ.ಜಿ. ಹುರಿದ ಕಾಫಿಗೆ 1.19 ಕೆ.ಜಿ. ಹಸಿ ಬೀಜ ಬೇಕಾದರೆ, ಒಂದು ಕೆ.ಜಿ. ಇನ್‌ಸ್ಟಂಟಿಗೆ 2.6 ಕೆ.ಜಿ. ಬೇಕು. ರೊಬಸ್ಟದಲ್ಲಿ ನೀರಿಗಿಳಿಯುವ ಅಂಶ ಹೆಚ್ಚು, ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಆದ್ದರಿಂದ ಕಾರ್ಖಾನೆಗಳಿಗೆ ಅದು ಪ್ರಿಯ.

ಈ ಪೇಟೆಯಿಂದ ನಾವೇಕೆ ದೂರ ಉಳಿದೆವು? 1942ರ ಕಾಯಿದೆಯಡಿ ಬೆಳೆದ ಕಾಫಿ ಕಾಫಿ ಬೋರ್ಡಿನ ಪೂಲಿಗೆ ಹೋಗುತ್ತಿತ್ತು, ಹಣ ಕಂತಿನಲ್ಲಿ ಬರುತ್ತಿತ್ತು. ಮಾರುವ ಚಿಂತೆ ಇರಲಿಲ್ಲ, ಕುಡಿಯುವವರ ಮುಖವೂ ಕಾಣಲಿಲ್ಲ. ತೊಂಬತ್ತರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಪೂರ್ತಿ ಬಿಡುಗಡೆಯಾದಾಗ ಬೀಜ ಮಾರಲು ಕಲಿತೆವು, ಪುಡಿ ಮಾರಲು ಕಲಿಯಲಿಲ್ಲ. ನಮ್ಮ ಸಂಘ ಒಮ್ಮೆ ಪುಡಿ ಮಾಡಿ ಸಾದಾ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಸಿ ಕಳಿಸಿದ್ದು, ಘಮ ಹೋಗಿ ಅರ್ಧಕ್ಕರ್ಧ ವಾಪಸು ಬಂದದ್ದು ಹಿರಿಯ ಸದಸ್ಯರಿಗೆ ನೆನಪಿದ್ದೀತು. ತಪ್ಪು ಬೀಜದ್ದಲ್ಲ, ನಮ್ಮದು. ಪುಡಿ ಗಾಳಿ ತಗುಲಿದರೆ ಬೇಗ ಹಳಸುತ್ತದೆ. ಗಿರಾಕಿ ಕಣ್ಣೆದುರೇ ಕಾಲು ಕೆ.ಜಿ. ಪುಡಿ ಮಾಡಿಕೊಡುವ ಮಂಡಿ ಮೊಹಲ್ಲಾದ ಅಂಗಡಿಯವರಿಗೆ ಇದು ಚೆನ್ನಾಗಿ ಗೊತ್ತು.

ಸಣ್ಣ ಹುರಿಯುವ ಯಂತ್ರ ಕೊಳ್ಳುವ ಪ್ರಸ್ತಾಪ ಮುಂದಿನ ಮಹಾಸಭೆಗೆ ಬರಲಿದೆ. ಬರುವ ಮುನ್ನ ತಮ್ಮ ತಮ್ಮ ಮನೆಯ ಅಡುಗೆಮನೆಯಲ್ಲಿರುವ ಪೊಟ್ಟಣದ ಮೇಲೆ ಚಿಕೋರಿ ಶೇಕಡಾ ಎಷ್ಟೆಂದು ಓದಿಕೊಂಡು ಬರಬೇಕಾಗಿ ಸದಸ್ಯರಲ್ಲಿ ವಿನಂತಿ.